ಅವ್ವನಿಗೊಂದು ಖಣದ ಪಾಕೀಟು

ನಮ್ಮ ಕಡೆ ಯಾವ ಮನೆಯ ಕಪಾಟು ತೆಗೆದರೂ ಒಂದಷ್ಟು ಖಣ ಸಿಗುತ್ತವೆ. ಉಡಿ ತುಂಬಿದಾಗ ಬಂದವು, ಮದುವೆ ಮನೆಯಲ್ಲಿ ಕೊಟ್ಟವು. ಮೊದಲಾದರೆ ಕುಪ್ಪಸ ಹೊಲಿಸುತ್ತಿದ್ದರು. ಈಗ ಮಡಿಕೆ ಬಿಚ್ಚದೆ ಹಾಗೇ ಇರುತ್ತವೆ. ಗುಳೇದಗುಡ್ಡದಲ್ಲಿ ಮಗ್ಗದ ಮುಂದೆ ಕೂತು ಯಾರೋ ನೇಯ್ದ ಬಟ್ಟೆ ಅದು. ಸುಮ್ನೆ ಮಡಿಕೆಯಲ್ಲೇ ಹಳತಾಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಇತ್ತ ಅವ್ವ ದುಡ್ಡು, ಆಧಾರ್ ಕಾರ್ಡು ಎರಡನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟುಕೊಳ್ಳುತ್ತಾಳೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತಲ್ಲ, ಅವತ್ತಿನಿಂದ ಬಸ್ಸು ಹತ್ತಿದಾಗೆಲ್ಲ ಆಧಾರ್ ತೋರಿಸಬೇಕು. ತುಂಬಿದ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಆ ಚೀಲ ಬಿಚ್ಚುವುದು ಅವಳಿಗೆ ಕಷ್ಟ. ಕಾರ್ಡು ಹೊರಗೆ ತೆಗೆಯದೇ ತೋರಿಸುವ ಹಾಗೆ ಒಂದು ಪಾಕೀಟು ಹೊಲಿಯಬೇಕು ಅಂದುಕೊಂಡೆ. ಅಲ್ಲಿವರೆಗೆ ನಾನು ಮಷೀನಿನಲ್ಲಿ ಹೊಲಿದಿದ್ದು ದಿಂಬಿನ ಕವರು ಮಾತ್ರ.

ಮೊದಲ ಸಲ ಮಾಡಿದ್ದು ಕೆಟ್ಟಿತು. ಆನೆ ಹೆಜ್ಜೆ ನಮೂನೆಯ ಕೆಂಪು ಖಣ ತೆಗೆದು, ಅಳತೆ ಹಾಕಿ, ಸೀದಾ ಕತ್ತರಿಸಿದೆ. ಕತ್ತರಿಸಿದ ಅಂಚಿನಿಂದ ಎಳೆ ಬಿಡತೊಡಗಿತು. ಕೈಯಲ್ಲಿ ಹಿಡಿದಷ್ಟೂ ಬಿಚ್ಚುತ್ತಿತ್ತು. ಖಣದ ಎಳೆ ನುಣುಪು, ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ. ಹೊಲಿಗೆಗೆಂದು ಬಿಟ್ಟ ಒಂದು ಸೆಂಟಿಮೀಟರಿನಲ್ಲಿ ಅರ್ಧ, ಪಾಕೀಟು ತಿರುವಿ ಹಾಕುವಷ್ಟರಲ್ಲಿ ಹೋಗಿತ್ತು. ಒಂದು ಮೂಲೆಯಲ್ಲಿ ಹೊಲಿಗೆಯೇ ಬಿಟ್ಟಿತು.

ಎರಡನೇ ಸಲ ಮ್ಯಾಚಿಂಗ್ ಸೆಂಟರಿನಿಂದ ತೆಳುವಾದ ಫ್ಯೂಸಿಂಗ್ ತಂದೆ. ಇಸ್ತ್ರಿ ಮಾಡಿದರೆ ಬಟ್ಟೆಗೆ ಅಂಟಿಕೊಳ್ಳುತ್ತದಲ್ಲ, ಅದು. ಖಣದಲ್ಲಿ ಬೇಕಾದ ತುಂಡಿಗಿಂತ ದೊಡ್ಡ ಭಾಗ ತೆಗೆದುಕೊಂಡು ಮೊದಲು ಉಲ್ಟಾ ಬದಿಗೆ ಫ್ಯೂಸಿಂಗ್ ಅಂಟಿಸಿದೆ. ಆಮೇಲೆ ಅದರ ಮೇಲೆ ಗೆರೆ ಹಾಕಿ ಕತ್ತರಿಸಿದೆ. ಈ ಕ್ರಮ ತಪ್ಪಬಾರದು. ಕತ್ತರಿಸಿ ಆಮೇಲೆ ಅಂಟಿಸುತ್ತೇನೆ ಅಂದರೆ ಅಷ್ಟರಲ್ಲೇ ಅಂಚು ಸೊಟ್ಟಗಾಗಿರುತ್ತದೆ. ಈಗಿನ ಖಣಗಳಲ್ಲಿ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ ಜಾಸ್ತಿ. ಹಾಗಾಗಿ ಮೇಲೊಂದು ಹತ್ತಿ ಬಟ್ಟೆ ಹಾಸಿಯೇ ಇಸ್ತ್ರಿ ಇಡಬೇಕು, ಉಜ್ಜಬಾರದು. ಒಂದೊಂದು ಕಡೆ ಒತ್ತಿ ಹಿಡಿದು ಎತ್ತಬೇಕು.

ಅಳತೆಯನ್ನು ಒಳಗೆ ಏನು ಇಡುತ್ತೇವೋ ಅದರಿಂದಲೇ ತೆಗೆದುಕೊಂಡೆ. ಈಗಿನ ಐನೂರರ ನೋಟು 15 ಸೆಂ.ಮೀ. ಉದ್ದ, 6.6 ಸೆಂ.ಮೀ. ಅಗಲ. ಮೊದಲ ಸಲ ಅದನ್ನಷ್ಟೇ ಅಳೆದಿದ್ದೆ. ಆದರೆ ಅವ್ವನ ಹತ್ತಿರ ಹಳೆಯ ನೂರರ ನೋಟುಗಳೂ ಇರುತ್ತವೆ. ಅವು 15.7 ಉದ್ದ, 7.3 ಅಗಲ, ಮೇಲೆ ಇಣುಕುತ್ತಿದ್ದವು. ಆಧಾರ್, ಎಟಿಎಂ ಕಾರ್ಡು 8.6ಕ್ಕೆ 5.4. ಇದನ್ನೆಲ್ಲ ಲೆಕ್ಕ ಹಾಕಿ, ಹೊರಗಿನ ಖಣದ ತುಂಡು 22ಕ್ಕೆ 11 ಸೆಂ.ಮೀ. ಮಾಡಿದೆ. ಅದಕ್ಕೆ ಅಷ್ಟೇ ಅಳತೆಯ ಹತ್ತಿಯ ಲೈನಿಂಗು. ಒಳಗಿನ ಪದರಕ್ಕೆ ಪಾಪ್ಲಿನ್ ಬಟ್ಟೆ, 21.5ಕ್ಕೆ 10.5, ಎರಡು ತುಂಡು. ಸುತ್ತ ಒಂದು ಸೆಂಟಿಮೀಟರ್ ಹೊಲಿಗೆಗೆ ಹೋಗುತ್ತದೆ. ಒಳಗಿನದು ಅರ್ಧ ಸೆಂಟಿಮೀಟರ್ ಕಡಿಮೆ ಇರುವುದು ಬೇಕೆಂದೇ. ಮಡಚಿದಾಗ ಹೊರಗಿನ ಪದರ ಸುತ್ತಿ ಬರಬೇಕು, ಒಳಗಿನದಕ್ಕೆ ಅಷ್ಟು ದೂರ ಇರುವುದಿಲ್ಲ. ಎರಡೂ ಸಮ ಇದ್ದರೆ ಒಳಗೆ ಗುಬುಟು ಬರುತ್ತದೆ.

ಕಾರ್ಡಿನ ಜೇಬಿಗೆ ಖಣದ ದಡಿಯನ್ನೇ ಬಳಸಿದೆ. ಈ ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇದೇ. ದಡಿಯ ಅಂಚು ಮಗ್ಗದಲ್ಲೇ ಗಟ್ಟಿಯಾಗಿ ಬಂದಿರುತ್ತದೆ, ಎಳೆ ಬಿಡುವುದಿಲ್ಲ. ಅದನ್ನು ಜೇಬಿನ ಬಾಯಿಗೆ ಬರುವ ಹಾಗೆ ಇಟ್ಟರೆ ಮಡಚಿ ಹೊಲಿಯುವ ಕೆಲಸವೇ ಇಲ್ಲ. ನೋಡುವುದಕ್ಕೂ ಎಷ್ಟು ಚೆಂದ! ಈ ಜೇಬನ್ನು ಎಡಕ್ಕೆ ಮೊದಲೇ ಪಾಪ್ಲಿನ್ನಿನ ಒಂದು ತುಂಡಿನ ಮೇಲೆ ಹೊಲಿದುಕೊಂಡೆ. ಆಮೇಲೆ ಖಣ ಮತ್ತು ಲೈನಿಂಗು ಒಂದು ಜೋಡಿ, ಪಾಪ್ಲಿನ್ನಿನ ಎರಡು ತುಂಡು ಇನ್ನೊಂದು ಜೋಡಿ. ಸೀದಾ ಬದಿ ಒಳಗೆ ಬರುವ ಹಾಗೆ ಇಟ್ಟು, ಮೇಲಿನ ಅಂಚಿನಲ್ಲಿ ನಾಲ್ಕು ಬೆರಳು ಬಿಟ್ಟು ಸುತ್ತ ಹೊಲಿದೆ. ಮೂಲೆ ಓರೆಯಾಗಿ ಕತ್ತರಿಸಿ, ತಿರುವಿ, ಇಸ್ತ್ರಿ ಮಾಡಿ, ಬಿಟ್ಟ ಜಾಗವನ್ನು ಕೈಹೊಲಿಗೆಯಲ್ಲಿ ಮುಚ್ಚಿದೆ.

ಬಲಕ್ಕೆ ಆಧಾರ್ ಕಾಣಬೇಕಲ್ಲ, ಅಲ್ಲಿ ಪಾರದರ್ಶಕ ಪ್ಲಾಸ್ಟಿಕ್. ಅದನ್ನು ತಿರುವಿ ಇಸ್ತ್ರಿ ಮಾಡಿದ ಮೇಲೇ ಇಡಬೇಕು. ಮೊದಲೇ ಹೊಲಿದರೆ ತಿರುವುವಾಗ ಸುಕ್ಕಾಗುತ್ತದೆ, ಮೇಲೆ ಇಸ್ತ್ರಿಯೂ ಮಾಡುವಂತಿಲ್ಲ. ಗುಂಡುಸೂಜಿ ಚುಚ್ಚಿದರೆ ತೂತು ಹಾಗೇ ಉಳಿಯುತ್ತದೆ. ಅದಕ್ಕೇ ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿದೆ. ಮಷೀನಿನ ಪಾದಕ್ಕೆ ಪ್ಲಾಸ್ಟಿಕ್ ಅಂಟಿಕೊಂಡು ಮುಂದೆ ಹೋಗುತ್ತಿರಲಿಲ್ಲ. ಮೇಲೆ ಬಟರ್ ಪೇಪರ್ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆದೆ.

ಕೊನೆಗೆ ಎರಡೂ ಜೋಡಿ ಒಂದರ ಮೇಲೊಂದು ಇಟ್ಟು ಮೂರು ಬದಿ ಹೊಲಿದರೆ ಮೇಲೆ ನೋಟಿನ ಜಾಗ ಸಿಗುತ್ತದೆ. ಕೆಳಗಿನ ಮೂಲೆಯಲ್ಲಿ ಹತ್ತಕ್ಕಿಂತ ಹೆಚ್ಚು ಪದರ. 14ನೇ ನಂಬರಿನ ಸೂಜಿ ಅಲ್ಲೇ ಮುರಿಯಿತು. 16 ಹಾಕಿ, ಹೊಲಿಗೆ ಸ್ವಲ್ಪ ದೊಡ್ಡದು ಮಾಡಿ, ಮೂಲೆ ಬಂದಾಗ ಪೆಡಲಿನಿಂದ ಕಾಲು ತೆಗೆದು ಚಕ್ರವನ್ನು ಕೈಯಲ್ಲೇ ತಿರುಗಿಸಿದೆ. ನಿಧಾನ, ಆದರೆ ದಾಟಿತು. ನಡುವಿನ ಮಡಿಕೆಯಲ್ಲಿ ಒಳಪದರಕ್ಕೆ ಮಾತ್ರ ಹೊಲಿಗೆ ಬರಬೇಕು. ಹೊರಪದರವೂ ಸೇರಿದರೆ ನೋಟಿನ ಜಾಗ ಎರಡು ಭಾಗವಾಗುತ್ತದೆ. ಆ ಹೊಲಿಗೆಯನ್ನು ಪ್ಲಾಸ್ಟಿಕ್ ಇಟ್ಟ ತಕ್ಷಣ, ಜೋಡಿಸುವ ಮೊದಲೇ ಹಾಕಿಬಿಡಿ.

ಎರಡು ಭಾನುವಾರ ಹಿಡಿಯಿತು. ಅವ್ವ ನೋಟು ಹಾಕಿ, ಆಧಾರ್ ಸೇರಿಸಿ, ಮಡಚಿ, ಬಿಚ್ಚಿ, ಬಹಳ ಹೊತ್ತು ತಿರುಗಿಸಿ ನೋಡಿದಳು.

"ಭಾಳ ಚಲೋ ಆಗೈತಿ ಬಿಡವಾ. ಮನಿ ಕೀಲಿ ಎಲ್ಲಿ ಇಡ್ಲಿ?"

ದಡಿ ಇನ್ನೂ ಒಂದು ಗೇಣು ಉಳಿದಿತ್ತು. ಬದಿಯ ಹೊಲಿಗೆ ಎರಡು ಇಂಚು ಬಿಚ್ಚಿ, ಅದರಲ್ಲೊಂದು ಕುಣಿಕೆ ಮಾಡಿ ಸೇರಿಸಿ ಮತ್ತೆ ಹೊಲಿದೆ. ಈಗ ಕೀಲಿ ಅಲ್ಲೇ ತೂಗಾಡುತ್ತಿದೆ.