ನೊಣದ ಕಣ್ಣು ನೋಡಿ ಕಲಿಯೋಣ: ಕಡಿಮೆ ಪವರ್‌ನ ಇಮೇಜ್ ಸೆನ್ಸರ್ ಚಿಪ್ ಡಿಸೈನ್ ಮಾಡುವುದು ಹೇಗೆ

ಮೊದಲು ಒಂದು ಲೆಕ್ಕ ಹಾಕಿ. 640×480 ಸೆನ್ಸರ್ ಸೆಕೆಂಡಿಗೆ 30 ಫ್ರೇಮ್ ತೆಗೆದರೆ ಸುಮಾರು 92 ಲಕ್ಷ ಪಿಕ್ಸೆಲ್‌ಗಳನ್ನು ಓದಬೇಕು, ಡಿಜಿಟಲ್ ಮಾಡಬೇಕು, ಚಿಪ್‌ನಿಂದ ಹೊರಗೆ ಸಾಗಿಸಬೇಕು. ಎದುರಿಗೆ ಬರೀ ಖಾಲಿ ಗೋಡೆ ಇದ್ದರೂ ಇಷ್ಟೇ ಕೆಲಸ. ಪವರ್ ಸೋರುವುದು ಇಲ್ಲೇ.

ಹಣ್ಣಿನ ನೊಣದ ಒಂದು ಕಣ್ಣಿನಲ್ಲಿ ಪುಟ್ಟ ಕಣ್ಣುಗಳು 750ರ ಆಸುಪಾಸು ಅಷ್ಟೇ. ಆದರೂ ಕೈ ಎತ್ತಿದ ತಕ್ಷಣ ಹಾರಿಹೋಗುತ್ತದೆ, ಅಲ್ವಾ? ಬೆಳಕು ಹಿಡಿಯುವ ಕೋಶದ ನಂತರದ ಹಂತದಲ್ಲೇ ಅದರ ನರಗಳು ಬದಲಾವಣೆಗೆ ಜಾಸ್ತಿ ಬೆಲೆ ಕೊಡುತ್ತವೆ. ಅಲ್ಲಿಂದ ಮುಂದೆ ಬೆಳಕು ಹೆಚ್ಚಾದ ಸುದ್ದಿಗೆ ಒಂದು ದಾರಿ, ಕಡಿಮೆಯಾದ ಸುದ್ದಿಗೆ ಇನ್ನೊಂದು. ನೀವು ಕದಿಯಬೇಕಾದದ್ದು ಇದನ್ನೇ. ಜೇನುಗೂಡಿನಂಥ ಆಕಾರ, ಬಾಗಿದ ಲೆನ್ಸ್ ಎಲ್ಲ ನೋಡೋಕೆ ಚಂದ, ಆದರೆ ಮೊದಲ ಚಿಪ್‌ಗೆ ಬೇಡ.

ಒಂದು ಪಿಕ್ಸೆಲ್ ಹಿಡಿದು ಶುರುಮಾಡಿ. ಫೋಟೋಡಯೋಡ್‌ನ (ಬೆಳಕನ್ನು ಕರೆಂಟ್ ಮಾಡುವ ಭಾಗ) ಕರೆಂಟನ್ನು ಸಬ್‌ಥ್ರೆಶೋಲ್ಡ್‌ನಲ್ಲಿರುವ, ಅಂದರೆ ಪೂರ್ತಿ ಆನ್ ಆಗದೆ ತೀರಾ ಕಡಿಮೆ ಕರೆಂಟ್ ಹರಿಸುವ ಟ್ರಾನ್ಸಿಸ್ಟರ್ ಮೂಲಕ ಹರಿಸಿದರೆ ವೋಲ್ಟೇಜ್ ಬೆಳಕಿನ ಲಾಗರಿದಮ್‌ನಂತೆ ಬದಲಾಗುತ್ತದೆ. ಬಿಸಿಲಲ್ಲಿ ಇರಲಿ, ಮಬ್ಬು ಕೋಣೆಯಲ್ಲಿ ಇರಲಿ, ಬೆಳಕು 10% ಏರಿದರೆ ಸಿಗುವುದು ಸುಮಾರು 2.5 ಮಿಲಿವೋಲ್ಟ್. ಇದನ್ನು ನೇರವಾಗಿ ಕಂಪ್ಯಾರೇಟರ್‌ಗೆ (ವೋಲ್ಟೇಜ್ ಒಂದು ಮಿತಿ ದಾಟಿತೇ ಎಂದು ನೋಡುವ ಸರ್ಕ್ಯೂಟ್) ಕೊಡಬೇಡಿ. ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಟ್ರಾನ್ಸಿಸ್ಟರ್‌ಗಳ ವ್ಯತ್ಯಾಸವೇ ಅದಕ್ಕಿಂತ ಜಾಸ್ತಿ ಇರುತ್ತದೆ. ನಡುವೆ ಎರಡು ಕೆಪಾಸಿಟರ್‌ಗಳ ಅನುಪಾತದಿಂದ 20 ಪಟ್ಟು ಗೇನ್ ತಂದರೆ, ಅಂದರೆ ಸಿಗ್ನಲ್ ಅಷ್ಟು ದೊಡ್ಡದು ಮಾಡಿದರೆ, ಅದು 50 ಮಿಲಿವೋಲ್ಟ್ ಆಗುತ್ತದೆ. ಕೆಪಾಸಿಟರ್‌ಗಳು ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ, ಹಾಗಾಗಿ ಎಲ್ಲ ಪಿಕ್ಸೆಲ್‌ಗಳೂ ಹೆಚ್ಚುಕಡಿಮೆ ಒಂದೇ ಥರ ನಡೆದುಕೊಳ್ಳುತ್ತವೆ. ನನಗೆ ಇಡೀ ಡಿಸೈನ್‌ನಲ್ಲಿ ತುಂಬ ಇಷ್ಟವಾದ ಜಾಗ ಇದು. ನಂತರ ಏರಿಕೆಗೊಂದು, ಇಳಿಕೆಗೊಂದು ಕಂಪ್ಯಾರೇಟರ್ ಇಡಿ. ಯಾವುದಾದರೂ ಒಂದು ತಿರುಗಿದರೆ ಪಿಕ್ಸೆಲ್ ತನ್ನ ವಿಳಾಸ ಕಳಿಸಿ (ಇದೇ ಒಂದು ಈವೆಂಟ್) ಒಂದು ಸ್ವಿಚ್ ಮೂಲಕ ರೀಸೆಟ್ ಆಗಬೇಕು, ಅಂದರೆ ಈಗಿನ ಬೆಳಕಿನಿಂದ ಹೊಸದಾಗಿ ಲೆಕ್ಕ ಶುರುಮಾಡಬೇಕು. ಇಲ್ಲದಿದ್ದರೆ ಸುಮ್ನೆ ಇರಬೇಕು. 2008ರಲ್ಲಿ ಪ್ರಕಟವಾದ ಜ್ಯೂರಿಚ್‌ನ 128×128 ಚಿಪ್ ಹೀಗೇ ಕೆಲಸ ಮಾಡಿ 23 ಮಿಲಿವ್ಯಾಟ್ ಮಾತ್ರ ತಿಂದಿತ್ತು.

ಚಲನೆಯ ದಿಕ್ಕೂ ಬೇಕಾ? ಹ್ಯಾಸೆನ್‌ಸ್ಟೈನ್ ಮತ್ತು ರೈಖಾರ್ಟ್ ಎಂಬ ಜರ್ಮನ್ ವಿಜ್ಞಾನಿಗಳು 1956ರಲ್ಲಿ ಒಂದು ಜೀರುಂಡೆಯನ್ನು ಗಮನಿಸಿ ಇದಕ್ಕೆ ದಾರಿ ತೋರಿಸಿದರು: ಅಕ್ಕಪಕ್ಕದ ಎರಡು ಸಿಗ್ನಲ್‌ಗಳಲ್ಲಿ ಒಂದನ್ನು ಸ್ವಲ್ಪ ತಡಮಾಡಿ ಇನ್ನೊಂದರ ಜೊತೆ ಗುಣಿಸುವುದು, ಎದುರು ದಿಕ್ಕಿಗೂ ಹಾಗೇ ಮಾಡಿ ಕಳೆಯುವುದು. ನಮ್ಮ ಪಿಕ್ಸೆಲ್‌ನಲ್ಲಿ ಗುಣಾಕಾರದ ಬದಲು, ಕೆಲವು ಮಿಲಿಸೆಕೆಂಡ್ ನಿಲ್ಲುವ ಒಂದು ಬಿಟ್ ನೆನಪು ಮತ್ತು ಒಂದು ಆಂಡ್ ಗೇಟ್ (ಎರಡೂ ಸಿಗ್ನಲ್ ಇದ್ದರೆ ಮಾತ್ರ ಹೌದು ಎನ್ನುವ ಸರ್ಕ್ಯೂಟ್) ಸಾಕು.

ಟೆಸ್ಟ್ ಮಾಡುವಾಗ ಮೊದಲು ಅಲುಗಾಡದ ದೃಶ್ಯ ಇಡಿ. ಏನೂ ಬದಲಾಗದಿದ್ದರೂ "ಬೆಳಕು ಏರಿತು" ಅಂತ ಈವೆಂಟ್ ಬರುತ್ತಿದ್ದರೆ ರೀಸೆಟ್ ಸ್ವಿಚ್ ಲೀಕ್ ಆಗುತ್ತಿದೆ ಎಂದು ಅನುಮಾನಿಸಿ. ಚಿಪ್ ಬಿಸಿಯಾದಷ್ಟೂ ಇದು ಹೆಚ್ಚುತ್ತದೆ, ಆ ಜಾಗಕ್ಕೆ ಬೆಳಕು ಬಿದ್ದರೂ ಹೆಚ್ಚುತ್ತದೆ. ಸ್ವಿಚ್ ಮೇಲೆ ಮೆಟಲ್ ಮುಚ್ಚಿ. ಮುಂದಿನ ಟೆಸ್ಟ್ ಟ್ಯೂಬ್‌ಲೈಟ್ ಕೆಳಗೆ. ಅದು ಸೆಕೆಂಡಿಗೆ 100 ಅಥವಾ 120 ಸಲ ಮಿನುಗುವ ಹಳೆಯ ಬಗೆಯದಾದರೆ ಪಿಕ್ಸೆಲ್‌ಗಳೆಲ್ಲ ಒಟ್ಟಿಗೆ ಕೂಗೋಕೆ ಶುರುಮಾಡಬಹುದು. ಆಗ ಉಳಿಸಿದ ಪವರ್ ಎಲ್ಲ ಅಲ್ಲೇ ಹೋಗುತ್ತದೆ. ನಿಮ್ಮ ಕೆಲಸಕ್ಕೆ ಅಷ್ಟು ವೇಗ ಬೇಡವಾದರೆ ಬಯಾಸ್ ಕರೆಂಟ್ (ಪಿಕ್ಸೆಲ್‌ನ ಸರ್ಕ್ಯೂಟ್ ನಡೆಸಲು ಸದಾ ಹರಿಸುವ ಕರೆಂಟ್) ಇಳಿಸಿ ಪಿಕ್ಸೆಲ್ ನಿಧಾನ ಮಾಡಿ. ಮಿನುಗೂ ಅಡಗುತ್ತದೆ, ನಾಯ್ಸೂ ಇಳಿಯುತ್ತದೆ.