ಕೋಳಿ ಹರಾಜಿನಲ್ಲಿ ಕಲಿತ ಸ್ವಾಹಿಲಿ

ನಮ್ಮ ಪಾದ್ರಿಗಳ ಸಭೆಯಿಂದ ಇನ್ನಿಬ್ಬರು ಹುಡುಗರು ಟಾಂಜಾನಿಯಾಕ್ಕೆ ಹೊರಟಿದ್ದಾರೆ. ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ: "ಫಾದರ್, ಭಾಷೆ ಹೇಗೆ ಕಲಿತಿರಿ?" ಹರಾಜು ಕೂಗಿ ಕಲಿತೆ ಅಂದರೆ ನಗುತ್ತಾರೆ. ಇಲ್ಲಿನ ಹಿರಿಯ ಫಾದರ್ ಕೂಡ ನಕ್ಕಿದ್ದರು. ಈಗ ನಗುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ಬಂದದ್ದು 2022ರ ಜನವರಿಯಲ್ಲಿ. ಡೊಡೊಮಾ ಸೀಮೆ. ಹೆಸರಿಗೆ ದೇಶದ ರಾಜಧಾನಿಯ ಕಡೆ, ಆದರೆ ಪೇಟೆ ದಾಟಿದರೆ ನಮ್ಮ ಬಯಲುಸೀಮೆಯೇ. ಡಿಸೆಂಬರಿಂದ ಏಪ್ರಿಲ್‌ವರೆಗೆ ಬಂದಷ್ಟು ಮಳೆ, ಆಮೇಲೆ ಬರೀ ಧೂಳು. ದಪ್ಪ ಹೊಟ್ಟೆಯ ಬಾವೊಬಾಬ್ ಮರಗಳು. ಜನ ಗೊಗೊ ಬುಡಕಟ್ಟಿನವರು. ಮನೆಯಲ್ಲಿ ಕಿಗೊಗೊ, ಹೊರಗೆ ಸ್ವಾಹಿಲಿ. ನಮ್ಮ ಧರ್ಮಕೇಂದ್ರಕ್ಕೆ, ಅಂದರೆ ಮುಖ್ಯ ಚರ್ಚಿಗೆ, ಸುತ್ತಲ ಊರುಗಳಲ್ಲಿ ಒಂಬತ್ತು ಉಪಕೇಂದ್ರಗಳು. ತೀರಾ ದೂರದ್ದು ಸುಮಾರು 38 ಕಿಲೋಮೀಟರ್. ಅಲ್ಲಿಗೆ ಪಾದ್ರಿ ಹೋಗುವುದು ತಿಂಗಳಿಗೊಮ್ಮೆ, ಉಳಿದ ಭಾನುವಾರ ಉಪದೇಶಿಯೇ (ಧರ್ಮ ಕಲಿಸುವ ಊರಿನವರು) ಪ್ರಾರ್ಥನೆ ನಡೆಸುತ್ತಾರೆ.

ಮೊದಲು ಸೋತದ್ದನ್ನು ಹೇಳುತ್ತೇನೆ. ಭಾಷಾ ಶಾಲೆಯಲ್ಲಿ ನಾಲ್ಕು ತಿಂಗಳು ಕೂತೆ. ವ್ಯಾಕರಣ ಪೂರ್ತಿ ಬಂತು, ಬಾಯಿ ಮಾತ್ರ ಬರಲಿಲ್ಲ. ಆಮೇಲೆ ಗಂಟೆಗೆ 5,000 ಶಿಲ್ಲಿಂಗ್ ಕೊಟ್ಟು ಒಬ್ಬ ಮೇಷ್ಟ್ರನ್ನು ಗೊತ್ತು ಮಾಡಿದೆ. ನೂರು ರೂಪಾಯಿಗೆ ಹೆಚ್ಚುಕಡಿಮೆ 3,000 ಶಿಲ್ಲಿಂಗ್ ಅಂತ ಲೆಕ್ಕ ಇಟ್ಟುಕೊಳ್ಳಿ. ಎರಡು ತಿಂಗಳಿಗೆ ಒಂದೂವರೆ ಲಕ್ಷ ಶಿಲ್ಲಿಂಗ್ ಹೋಯಿತು. ನನಗೆ ಕೈಖರ್ಚಿಗೆ ಸಿಗುತ್ತಿದ್ದದ್ದೇ ತಿಂಗಳಿಗೆ 90,000. ಪಾಪ, ಆ ಮನುಷ್ಯನಿಗೆ ಇಂಗ್ಲಿಷ್ ಕಲಿಯುವ ಆಸೆ. ಗಂಟೆಯಲ್ಲಿ ಮುಕ್ಕಾಲು ಭಾಗ ನಾನೇ ಅವನಿಗೆ ಪಾಠ ಮಾಡುತ್ತಿದ್ದೆ. ರಟ್ಟಿನ ಚೀಟಿ ಕತ್ತರಿಸಿ ಏಳೆಂಟು ನೂರು ಪದ ಬರೆದೆ. ಗೆದ್ದಲು ತಿಂದವು.

ಪದಗಳ ಮಟ್ಟಿಗೆ ನಮಗೆ ಅಷ್ಟು ಕಷ್ಟ ಇಲ್ಲ. ನಾನು ಹುಬ್ಬಳ್ಳಿ ಕಡೆಯವನು. ಖಬರು ಇಲ್ಲಿ ಹಬಾರಿ. ಹಕ್ಕು ಹಾಕಿ, ವಕೀಲ ವಕೀಲಿ, ತಾರೀಖು ತಾರೆಹೆ, ದಫ್ತರ ದಫ್ತಾರಿ, ಗಾಡಿ ಗಾರಿ, ಸಾಬೂನು ಸಬೂನಿ. ಲಕ್ಷಕ್ಕೆ ಲಾಕಿ. ಆಟೋರಿಕ್ಷಾಕ್ಕೆ ಹೆಸರೇ ಬಜಾಜಿ! ನಾವು ಬಸ್ಸಿಗೆ ಉಕಾರ ಹಚ್ಚುತ್ತೇವೆ, ಇವರು ಇಕಾರ ಹಚ್ಚಿ ಬಸಿ ಅನ್ನುತ್ತಾರೆ. ಬ್ಯಾಂಕಿಗೆ ಬೆಂಕಿ ಅನ್ನುತ್ತಾರೆ. ಮೊದಲ ವಾರ ನಮ್ಮ ಅಡುಗೆಯಮ್ಮ "ಬೆಂಕಿ, ಬೆಂಕಿ" ಅಂತ ಪೇಟೆಯ ಕಡೆ ಕೈ ತೋರಿಸಿದಾಗ ನಾನು ಎದ್ದು ಓಡಿದ್ದೆ. ಇಂಥ ಒಂದು ಪಟ್ಟಿ ಮಾಡಿದ್ದೇನೆ, ಇನ್ನೂರು ಪದ ದಾಟಿದೆ. ಬರುವವರಿಗೆ ಕೊಡುತ್ತೇನೆ, ಆದರೆ ಬರುವಾಗ ನನಗೆ ಎರಡು ಕಿಲೋ ಬ್ಯಾಡಗಿ ಮೆಣಸಿನಕಾಯಿ ತರಬೇಕು.

ಕಷ್ಟ ಇರುವುದು ಬೇರೆ ಕಡೆ. ಸ್ವಾಹಿಲಿಯಲ್ಲಿ ಪ್ರತಿ ವಸ್ತುವಿಗೂ ಒಂದು ಜಾತಿ. ನಾವು 'ಈ' ಅಂತ ಒಂದೇ ಅಕ್ಷರದಲ್ಲಿ ಮುಗಿಸುತ್ತೇವೆ. ಇಲ್ಲಿ ಈ ಕೋಳಿ ಅಂದರೆ ಕುಕು ಹುಯು, ಈ ಕುಂಬಳಕಾಯಿ ಬೊಗಾ ಹಿಲಿ, ಈ ಬುಟ್ಟಿ ಕಿಕಾಪು ಹಿಕಿ, ಈ ಮೊಟ್ಟೆಗಳು ಮಾಯಾಯಿ ಹಾಯಾ. ಪುಸ್ತಕದಲ್ಲಿ ಓದಿದರೆ ತಲೆ ಕೆಡುತ್ತದೆ. ಪ್ರಬೋಧನೆಯನ್ನು, ಅಂದರೆ ಪೂಜೆಯ ನಡುವೆ ಕೊಡುವ ಉಪದೇಶವನ್ನು, ಹಾಳೆಯಲ್ಲಿ ಬರೆದು ಓದುತ್ತಿದ್ದೆ. ನಾನು ಓದಿ ಮುಗಿಸಿದ ಮೇಲೆ ಉಪದೇಶಿ ಎದ್ದು, "ಫಾದರ್ ಹೇಳಿದ್ದು ಏನಪ್ಪಾ ಅಂದರೆ..." ಅಂತ ಕಿಗೊಗೊದಲ್ಲಿ ಮತ್ತೆ ಹೇಳುತ್ತಿದ್ದರು. ಅವರು ಹೇಳಿದ್ದು ನನ್ನದಕ್ಕಿಂತ ಉದ್ದ ಇರುತ್ತಿತ್ತು. ಜನ ನಗುತ್ತಿದ್ದರು ಬೇರೆ. ನಾನು ನಗೆಯ ಮಾತೇನೂ ಬರೆದಿರಲಿಲ್ಲ.

ಗಡಿಯಾರದ ಕಥೆ ಇಲ್ಲಿಗೆ ಬಂದವರಿಗೆಲ್ಲ ಗೊತ್ತು. ಸೂರ್ಯ ಹುಟ್ಟಿದ ಮೇಲೆ ಒಂದು, ಎರಡು ಅಂತ ಎಣಿಕೆ, ಹಾಗಾಗಿ ನಮ್ಮ ಏಳು ಗಂಟೆ ಇವರ ಒಂದು ಗಂಟೆ. ಗೊತ್ತಿದ್ದೂ ನಾನು ಒಂಬತ್ತು ಗಂಟೆಗೆ ಪೂಜೆ ಅಂತ 'ಸಾ ತಿಸಾ' ಹೇಳಿ ಕಳಿಸಿದೆ. ಅಂದರೆ ಮಧ್ಯಾಹ್ನ ಮೂರು. ಆರು ಗಂಟೆ ಮರದ ಕೆಳಗೆ ಒಬ್ಬನೇ ಕೂತಿದ್ದೆ. ಒಂದು ಆಡು ಬಂದು ನನ್ನ ಪೂಜಾವಸ್ತ್ರದ ಚೀಲದ ದಾರ ತಿಂದಿತು.

ಹರಾಜಿಗೆ ಬರುತ್ತೇನೆ. ಇಲ್ಲಿ ಕಾಣಿಕೆಯ ಹೊತ್ತಿಗೆ ಜನ ದುಡ್ಡಿನ ಜೊತೆ ಬೆಳೆದದ್ದನ್ನೂ ತರುತ್ತಾರೆ. ಕಾಲು ಕಟ್ಟಿದ ಕೋಳಿ, ಮೊಟ್ಟೆ, ಒಂದು ಡೆಬೆ ಗೋವಿನಜೋಳ. ಡೆಬೆ ಅಂದರೆ ನಮ್ಮ ಡಬ್ಬವೇ, 20 ಲೀಟರಿನ ಟಿನ್ನು. ಎಲ್ಲ ಬಲಿಪೀಠದ ಮುಂದೆ ಬಂದು ಬೀಳುತ್ತದೆ. ಪೂಜೆ ಮುಗಿದ ಮೇಲೆ ಹೊರಗೆ ಮರದ ಕೆಳಗೆ ಅದನ್ನೇ ಹರಾಜು ಹಾಕುತ್ತಾರೆ, ಮ್ನಾಡಾ ಅಂತಾರೆ. ತಂದವರೇ ಕೊಳ್ಳುವವರು. ಊರಿನ ಹಿರಿಯರೊಬ್ಬರು ಕೂಗುತ್ತಿದ್ದರು, ನಾನು ಪಕ್ಕದಲ್ಲಿ ಚಹಾ ಕುಡಿಯುತ್ತಾ ಕೂರುತ್ತಿದ್ದೆ.

ಆ ತೀರಾ ದೂರದ ಉಪಕೇಂದ್ರದಲ್ಲಿ ಒಂದು ಭಾನುವಾರ ಆ ಹಿರಿಯರಿಗೆ ಗಂಟಲು ಕಟ್ಟಿತ್ತು. ನಾನು ಅಪ್ಪನ ಜೊತೆ ದನದ ಸಂತೆ ತಿರುಗಿ ಬೆಳೆದವನು. ಅಲ್ಲಿ ಟವೆಲ್ಲಿನೊಳಗೆ ಬೆರಳು ಹಿಡಿದು ದರ ಮಾತಾಡುತ್ತಾರೆ, ಹೊರಗಿನವರಿಗೆ ಏನೂ ತಿಳಿಯದು. ಇಲ್ಲಿ ಎಲ್ಲವೂ ಬಾಯಲ್ಲೇ, ಬಯಲಲ್ಲೇ. ಕೈ ತುರಿಸಿತು, ಕೋಳಿ ಎತ್ತಿಕೊಂಡೆ. "ಕುಕು ಹಿಯಿ..." ಅಂದೆ. ಮುಂದಿದ್ದ ಹುಡುಗರೆಲ್ಲ ಒಟ್ಟಿಗೆ "ಹುಯು!" ಅಂತ ಕಿರುಚಿದರು. ಕೋಳಿಗೆ ಜೀವ ಇದೆ, ಅದಕ್ಕೆ ಹುಯು. ನಾಲ್ಕು ತಿಂಗಳ ಶಾಲೆಯಲ್ಲಿ ತಲೆಗೆ ಹೋಗದ್ದು ಆ ಒಂದು ಕಿರುಚಾಟಕ್ಕೆ ಹೋಯಿತು. ಇವತ್ತಿನವರೆಗೂ ಮರೆತಿಲ್ಲ.

ಅದೇ ಈ ವಿಧಾನದ ಗುಟ್ಟು. ವಸ್ತು ಕೈಯಲ್ಲಿರುತ್ತದೆ. 'ಈ' ಅನ್ನದೆ ವಿಧಿಯಿಲ್ಲ. ತಪ್ಪಿದರೆ ತಿದ್ದಲು ನೂರು ಜನ ಎದುರಿಗೇ ಇದ್ದಾರೆ, ಅವರಿಗೆ ಸಂಬಳ ಕೊಡಬೇಕಿಲ್ಲ. ಪೂಜೆಯಲ್ಲಿ ಪಾದ್ರಿಯನ್ನು ಯಾರೂ ತಿದ್ದುವುದಿಲ್ಲ, ಮರ್ಯಾದೆ ಅಡ್ಡ ಬರುತ್ತದೆ. ಕೋಳಿ ಹಿಡಿದ ಪಾದ್ರಿಯನ್ನು ಅಜ್ಜಿಯರೂ ತಿದ್ದುತ್ತಾರೆ.

ಶುರುವಿನಲ್ಲಿ ನಷ್ಟವೇ. ಆರಕ್ಕೆ ಸಿತಾ, ಏಳಕ್ಕೆ ಸಾಬಾ. ನನಗೆ ಎರಡೂ ಅದಲುಬದಲು. ಒಬ್ಬರು 7,000 ಅಂದ ಮೇಲೆ ನಾನು "ಆರು ಸಾವಿರ ಯಾರು ಕೊಡ್ತೀರಿ?" ಅಂತ ಉತ್ಸಾಹದಿಂದ ಕೇಳಿದೆ. ಕೊಡುವವರಿಗೇನು ಬರ? ಪೇಟೆಯಲ್ಲಿ 12,000ಕ್ಕೆ ಹೋಗುವ ಹುಂಜ ಅವತ್ತು 6,000ಕ್ಕೆ ಹೋಯಿತು. ಇನ್ನೊಂದು ಸಲ ಹತ್ತು ಸಾವಿರ ಅನ್ನುವಾಗ ಕೊನೆಯ ಸ್ವರ ಜಾರಿತು. ಎಲ್ಫು ಕುಮಿ ಅನ್ನಬೇಕಿತ್ತು. ನಾನು ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಸ್ವಾಹಿಲಿ ಗೊತ್ತಿದ್ದವರಿಗೆ ತಿಳಿಯುತ್ತದೆ. ಒಂದು ಕ್ಷಣ ಮರದ ಮೇಲಿನ ಹಕ್ಕಿಯೂ ಸುಮ್ಮನಾಯಿತು. ಆಮೇಲೆ ಒಬ್ಬ ಅಜ್ಜಿ ನಗಲು ಶುರು ಮಾಡಿದರು ನೋಡಿ, ನಿಂತವರೆಲ್ಲ ನೆಲಕ್ಕೆ ಕೂತು ನಕ್ಕರು.

ಸುದ್ದಿ ಹಿರಿಯ ಫಾದರ್‌ಗೆ ಮುಟ್ಟಿತು. "ಗುರುದೀಕ್ಷೆ ಪಡೆದದ್ದು ಕೋಳಿ ಮಾರಲಿಕ್ಕಾ?" ಅಂದರು. ನಾನು ತಲೆ ತಗ್ಗಿಸಿ ನಿಂತೆ, ಮುಂದಿನ ತಿಂಗಳು ಮತ್ತೆ ಹೋದೆ. ಹೋದರೆ ಜನ ಜಾಸ್ತಿ! ಪೂಜೆ ಮುಗಿದ ಕೂಡಲೇ ಮನೆಗೆ ಹೋಗುತ್ತಿದ್ದ ಗಂಡಸರೂ ನಿಂತಿದ್ದರು. ಈ ಸಲ ಏನು ಹೇಳುತ್ತಾನೋ ಅಂತ ಕೇಳಲಿಕ್ಕೆ.

ಗೋವಿನಜೋಳಕ್ಕೆ ಮಹಿಂದಿ, ಇಂಡಿಯಾದವನಿಗೆ ಮ್ಹಿಂದಿ. ನಾನು ಡೆಬೆ ಎತ್ತಿದರೆ ಮಕ್ಕಳು "ಮ್ಹಿಂದಿ ಅನಾಉಝಾ ಮಹಿಂದಿ" ಅಂತ ರಾಗ ಹಾಕುತ್ತಾರೆ. ಮ್ಹಿಂದಿ ಮಹಿಂದಿ ಮಾರುತ್ತಾನೆ. ನಾನೂ ಸೇರಿ ಹಾಡುತ್ತೇನೆ. ಆರೇಳು ತಿಂಗಳಲ್ಲಿ ಹಾಳೆ ಬಿಟ್ಟು ಪ್ರಬೋಧನೆ ಮಾಡಿದೆ. ಹತ್ತು ನಿಮಿಷ ಅಷ್ಟೇ. ಯೇಸು ಹೇಳಿದ ಕಳೆದುಹೋದ ಕುರಿಯ ಸಾಮತಿ, ಅಂದರೆ ನೀತಿಕಥೆ. ಕುರಿಗೆ ಎಷ್ಟು ರೇಟು ಅಂತ ನಡುವೆ ಕೇಳಿದೆ, ಜನ ಕೂಗಿ ಹೇಳಿದರು. ಉಪದೇಶಿ ಮತ್ತೆ ಹೇಳಲು ಏಳಲಿಲ್ಲ. ಅವತ್ತು ಬೈಕಿನಲ್ಲಿ ಬರುವಾಗ ದಾರಿಯುದ್ದಕ್ಕೂ ಜೋರಾಗಿ ಕನ್ನಡ ಹಾಡು ಹಾಡಿಕೊಂಡು ಬಂದೆ.

ದುಡ್ಡಿನ ಮಾತು. ಮೊದಲು ಆ ಉಪಕೇಂದ್ರದಲ್ಲಿ ಹರಾಜಿಗೆ 40,000 ಬರುತ್ತಿತ್ತು. ಈಗ ಲಕ್ಷ ದಾಟುತ್ತದೆ, ಸುಗ್ಗಿಯಲ್ಲಿ ಒಂದು ಸಲ 1,60,000 ಆಗಿತ್ತು. ಬೆಲೆ ಏರಿಸಲು ನನ್ನದೊಂದು ಉಪಾಯ ಇದೆ. ಕಿಗೊಗೊದ ಒಂದೇ ಒಂದು ಮಾತು, ಯಾವಾಗ ಯಾರನ್ನು ನೋಡಿ ಹೇಳಬೇಕು ಅನ್ನುವುದರಲ್ಲಿದೆ ಎಲ್ಲ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಪಕ್ಕದ ಧರ್ಮಕೇಂದ್ರದಲ್ಲಿ ಒಬ್ಬ ಮಂಗಳೂರಿನವರಿದ್ದಾರೆ, ಅವರೂ ಇದನ್ನು ಓದುತ್ತಾರೆ.

ಆದರೆ ಬಂದದ್ದೆಲ್ಲ ಉಳಿಯುವುದಿಲ್ಲ. ಪೆಟ್ರೋಲ್ ಲೀಟರಿಗೆ 3,000ದ ಆಸುಪಾಸು. ಬಾಕ್ಸರ್ ಬೈಕಿಗೆ ಮರಳು ದಾರಿಯಲ್ಲಿ ವರ್ಷಕ್ಕೆ ಎರಡು ಚೈನು. ದೊಡ್ಡ ತೂತು ಬಿದ್ದದ್ದು ಉದ್ರಿಯಲ್ಲಿ. ಹುರುಪಿನಲ್ಲಿ ಬೆಲೆ ಏರಿಸುತ್ತಾರೆ, ಕೊನೆಗೆ "ಬೆಳೆ ಬಂದ ಮೇಲೆ ಕೊಡ್ತೀನಿ ಬಾಬಾ" ಅನ್ನುತ್ತಾರೆ. ಮೊದಲ ವರ್ಷ ಸುಮಾರು ಎರಡು ಲಕ್ಷ ಹಾಗೇ ಹೋಯಿತು. ಪೂಜೆಯಲ್ಲಿ ಹೆಸರು ಓದಿ ಅಂತ ಯಾರೋ ಸಲಹೆ ಕೊಟ್ಟರು. ಅದು ನನ್ನಿಂದಾಗಲಿಲ್ಲ. ಈಗ ಸಾಲದ ಪುಸ್ತಕ ಒಬ್ಬ ಅಜ್ಜಿಯ ಕೈಯಲ್ಲಿದೆ, ಅವತ್ತು ಮೊದಲು ನಕ್ಕ ಅದೇ ಅಜ್ಜಿ. ಓದು ಬರಹ ಬಾರದು, ಆದರೆ ಯಾರು ಎಷ್ಟು ಕೊಡಬೇಕು ಬಾಯಲ್ಲೇ ಹೇಳುತ್ತಾರೆ. ಅರ್ಧಕ್ಕಿಂತ ಜಾಸ್ತಿ ವಸೂಲಿ ಆಗಿದೆ.

ನಡುವೆ ಒಂದು ಅಡ್ಡ ಪ್ರಯೋಗ. ಇಲ್ಲಿ ಜೋಳ ಬೆಳೆಯುತ್ತಾರೆ, ಮ್ತಾಮಾ ಅಂತ. ಅದನ್ನು ಮುದ್ದೆ ಮಾಡಿ ಉಗಾಲಿ ಅನ್ನುತ್ತಾರೆ. ಹರಾಜಿನಲ್ಲಿ ಒಂದು ಡೆಬೆ ನಾನೇ ಕೂಗಿ ನಾನೇ ಹಿಡಿದೆ. ಎಲ್ಲರೂ ಮೋಸ ಅಂದರು. ರೊಟ್ಟಿ ಬಡಿದೆ. ಮೊದಲನೇ ಸಲ ಕೆಂಪು ಜೋಳ, ಕಹಿ. ಎರಡನೇ ಸಲ ಬಿಳಿ ಜೋಳ ಸಿಕ್ಕಿತು, ಆದರೆ ಹಿಟ್ಟು ಹಳೆಯದಾಗಿ ಅಂಚು ಒಡೆಯಿತು. ಮೂರನೇ ಸಲ ಅವತ್ತೇ ಬೀಸಿಸಿ, ಕುದಿ ನೀರಿನಲ್ಲಿ ನಾದಿ ಬಡಿದೆ. ಉಬ್ಬಿತು! ಮ್ಲೆಂಡಾ ಅಂತ ಲೋಳೆ ಸೊಪ್ಪಿನ ಪಲ್ಯ ಮಾಡುತ್ತಾರೆ, ನಮ್ಮ ಬೆಂಡೆಕಾಯಿ ನೆನಪಾಗುತ್ತದೆ. ಅದರ ಜೊತೆ ತಿಂದೆ. ಅಡುಗೆಯಮ್ಮ ಒಂದು ತುಂಡು ಬಾಯಿಗಿಟ್ಟು "ಇದು ಒಣಗಿಹೋದ ಉಗಾಲಿ" ಅಂದರು.

ಹೊಸದಾಗಿ ಬರುವವರಿಗೆ ಒಂದು ಮಾತು. ಶಾಲೆ ಬಿಡಬೇಡಿ, ಹುಯು-ಹಿಲಿ ಅಂತ ಒಂದು ಇದೆ ಅನ್ನುವುದಾದರೂ ಅಲ್ಲಿಂದ ತಿಳಿದಿರಬೇಕು. ಮೊದಲ ತಿಂಗಳು ಮೊಟ್ಟೆ ಮುಟ್ಟಬೇಡಿ, ಕೈ ನಡುಗುತ್ತದೆ. ಪಾಪನಿವೇದನೆ ಕೇಳಲು ಮಾತ್ರ ಈ ಹರಾಜಿನ ಸ್ವಾಹಿಲಿ ಸಾಲದು. ಅದು ನನಗೆ ಇನ್ನೂ ಪೂರ್ತಿ ಬಂದಿಲ್ಲ, ಮುದುಕರು ಪಿಸುಗುಟ್ಟಿದರೆ ಇವತ್ತಿಗೂ ಕಿವಿ ಹತ್ತಿರ ಒಯ್ಯುತ್ತೇನೆ.

ಕಳೆದ ತಿಂಗಳು ಹಿರಿಯ ಫಾದರ್ ನನ್ನ ಜೊತೆ ಆ ದೂರದ ಉಪಕೇಂದ್ರಕ್ಕೆ ಬಂದರು. ಪೂಜೆ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕೈ ಕಟ್ಟಿ ನಿಂತಿದ್ದರು. ದೊಡ್ಡ ಕುಂಬಳಕಾಯಿ ಎತ್ತಿ "ಬೊಗಾ ಹಿಲಿ" ಅಂದೆ. ಅವರ ಕೈ ತಾನಾಗಿ ಮೇಲೆ ಹೋಯಿತು. ಜನ ಬಿಡುತ್ತಾರಾ? ಏರಿಸಿದರು, ಅವರೂ ಏರಿಸಿದರು. ಮಾರಾ ಯಾ ಕ್ವಾಂಝಾ, ಮಾರಾ ಯಾ ಪಿಲಿ, ಮಾರಾ ಯಾ ತಾತು: ಒಂದನೇ ಸಲ, ಎರಡನೇ ಸಲ, ಮೂರನೇ ಸಲ. ಪೇಟೆಯಲ್ಲಿ 2,000ಕ್ಕೆ ಸಿಗುವ ಕಾಯಿಯನ್ನು 7,000ಕ್ಕೆ ಅವರ ತಲೆಗೆ ಕಟ್ಟಿದೆ. ಜೇಬಿನಲ್ಲಿ ದುಡ್ಡಿರಲಿಲ್ಲ. ಅಜ್ಜಿಯ ಲೆಕ್ಕಕ್ಕೆ ಸೇರಿದ್ದಾರೆ.