ಟೈಲ್ಸ್ ಬೇರೆ, ಗೋಡೆ ಬೇರೆ: ವಿಟ್ರಿಫೈಡ್ ಟೈಲ್ಸ್‌ಗೆ ಕ್ರ್ಯಾಕ್ ಬಾರದ ಹಾಗೆ ತೂತು ಹೊಡೆಯುವುದು

ಗೀಸರ್, ನೀರಿನ ಫಿಲ್ಟರ್, ಟವೆಲ್ ರಾಡ್, ಕನ್ನಡಿ. ಮನೆ ಕಟ್ಟಿ ಮುಗಿದ ಮೇಲೆ ಇವು ಒಂದೊಂದೇ ಬರುತ್ತವೆ. ಒಂದೊಂದರ ಹಿಂದೆಯೂ ಡ್ರಿಲ್ ಮಷೀನು ಹಿಡಿದ ಒಬ್ಬ ಹುಡುಗ ಬರುತ್ತಾನೆ. ಹುಬ್ಬಳ್ಳಿ ಇರಲಿ ಗದಗ ಇರಲಿ, ಬೋರಿನ ನೀರು ಗಡಸು, ಹಾಗಾಗಿ ಈಗ ಹೊಸ ಮನೆ ಅಂದರೆ ಅಡುಗೆಮನೆ ಗೋಡೆಯಲ್ಲಿ ಆರ್‌ಒ ಫಿಲ್ಟರ್ ಇರಲೇಬೇಕು. ಹುಡುಗನ ಚೀಲದಲ್ಲಿ ಸಾಮಾನ್ಯವಾಗಿ ಗೋಡೆಗೆ ಹೊಡೆಯುವ ಬಿಟ್ ಮಾತ್ರ ಇರುತ್ತದೆ. "ಏನೂ ಆಗೂದಿಲ್ರಿ ಸರ, ದಿನಾ ಹೊಡಿತೀವಿ" ಅಂತಾನೆ. ಹಳೆಯ ಸೆರಾಮಿಕ್ ಟೈಲ್ಸ್ ಆಗಿದ್ದರೆ ಅವನ ಮಾತು ಅರ್ಧ ನಿಜ. ವಿಟ್ರಿಫೈಡ್, ಅಂದರೆ ಪೋರ್ಸಲೀನ್ ಜಾತಿಯ ಟೈಲ್ಸ್ ಆಗಿದ್ದರೆ ಅಲ್ಲೇ ಅವನ ಕೈ ಹಿಡಿಯಿರಿ.

ಒಂದು ವಿಷಯ ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ಸಲೀಸು. ಟೈಲ್ಸ್‌ಗೆ ತೂತು ಹೊಡೆಯುವುದು ಒಂದು ಕೆಲಸ, ಅದರ ಹಿಂದಿನ ಗೋಡೆಗೆ ಹೊಡೆಯುವುದು ಇನ್ನೊಂದು ಕೆಲಸ. ಬಿಟ್ ಬೇರೆ, ಮಷೀನಿನ ಸೆಟ್ಟಿಂಗ್ ಬೇರೆ, ಕೈ ಒತ್ತುವ ರೀತಿಯೂ ಬೇರೆ. ಎರಡನ್ನೂ ಒಂದೇ ಏಟಿಗೆ ಮುಗಿಸಲು ಹೋದಾಗಲೇ ಟೈಲ್ಸ್ ಸೀಳುವುದು.

ಮೊದಲು ನಿಮ್ಮದು ಯಾವ ಟೈಲ್ಸ್ ಅಂತ ನೋಡಿಕೊಳ್ಳಿ. ಕೆಲಸ ಮುಗಿದ ಮೇಲೆ ಉಳಿದ ಒಂದೆರಡು ಟೈಲ್ಸ್ ಮಾಳಿಗೆ ಮೇಲೋ ಹಿತ್ತಲಲ್ಲೋ ಬಿದ್ದಿರುತ್ತವೆ ಅಲ್ವಾ, ಅದರಲ್ಲಿ ಒಂದನ್ನು ತಿರುಗಿಸಿ ಹಿಂಭಾಗಕ್ಕೆ ನಾಲ್ಕು ಹನಿ ನೀರು ಬಿಡಿ. ಸೆರಾಮಿಕ್ ಆದರೆ ನೀರು ಕುಡಿದು ಆ ಜಾಗ ಕಪ್ಪಾಗುತ್ತದೆ. ವಿಟ್ರಿಫೈಡ್ ಆದರೆ ಹನಿ ಹಾಗೇ ಮೇಲೆ ನಿಂತಿರುತ್ತದೆ. ಗೋಡೆಯ ಸೆರಾಮಿಕ್ ಟೈಲ್ಸ್ ತನ್ನ ತೂಕದ ಶೇಕಡಾ 10ಕ್ಕಿಂತ ಜಾಸ್ತಿ ನೀರು ಹೀರಬಲ್ಲದು, ಪೋರ್ಸಲೀನ್ ಹೀರುವುದು ಶೇಕಡಾ 0.5 ಅಥವಾ ಅದಕ್ಕೂ ಕಡಿಮೆ. ಸುಮಾರು 1200 ಡಿಗ್ರಿ ಶಾಖದಲ್ಲಿ ಸುಟ್ಟಾಗ ಅದರೊಳಗಿನ ಮಣ್ಣು ಕರಗಿ ಗಾಜಿನ ಹಾಗೆ ಬಿಗಿದುಕೊಂಡಿರುತ್ತದೆ, ನೀರು ಹೋಗಲು ಸಂದೇ ಇಲ್ಲ. ಗಟ್ಟಿ ಅಂದರೆ ಗಟ್ಟಿ, ಆದರೆ ಪೆಟ್ಟು ತಡೆಯುವುದಿಲ್ಲ. ಮಾಮೂಲಿ ಬಿಟ್ ಅದರ ಮೇಲೆ ಸುಮ್ನೆ ಜಾರುತ್ತಾ, ಬಿಸಿಯಾಗುತ್ತಾ, ಕೊನೆಗೆ ತುದಿ ಕೆಂಪಾಗಿ ಮೊಂಡಾಗುತ್ತದೆ.

ಸೆರಾಮಿಕ್‌ಗೆ ಈಟಿಯ ತುದಿಯ ಹಾಗಿರುವ ಕಾರ್ಬೈಡ್ ಬಿಟ್ ಸಾಕು, ಗಾಜು ಮತ್ತು ಟೈಲ್ಸ್ ಬಿಟ್ ಅಂತ ಕೇಳಿದರೆ ಕೊಡುತ್ತಾರೆ. ವಿಟ್ರಿಫೈಡ್‌ಗೆ ಡೈಮಂಡ್ ಬಿಟ್ ಬೇಕೇ ಬೇಕು. ಅದಕ್ಕೆ ಚೂಪಾದ ತುದಿ ಇರುವುದಿಲ್ಲ. ಸಣ್ಣ ಕೊಳವೆ, ಬಾಯಿಯ ಸುತ್ತ ಮರಳು ಅಂಟಿಸಿದ ಹಾಗೆ ವಜ್ರದ ಪುಡಿ. ಟೈಲ್ಸ್ ಅನ್ನು ಕೊರೆಯುವುದಿಲ್ಲ, ತೇಯುತ್ತದೆ. ಹುಬ್ಬಳ್ಳಿಯ ದುರ್ಗದಬೈಲ್ ಸುತ್ತಮುತ್ತ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ ನೋಡಿ, ಇಲ್ಲದಿದ್ದರೆ ಆನ್‌ಲೈನ್ ತರಿಸಿ. 6, 8, 10 ಎಂಎಂ ಇದ್ದರೆ ಮನೆಯ ಕೆಲಸ ಬಹುತೇಕ ಆಗುತ್ತದೆ. ಬೆಲೆ ನೋಡಿ ಹಿಂದೆ ಸರಿಯಬೇಡಿ, ಸೀಳಿದ ಒಂದು ಟೈಲ್ಸ್ ಬದಲಿಸಲು ಗೌಂಡಿ ಕರೆಸಿದರೆ ಅವನ ಅರ್ಧ ದಿನದ ಪಗಾರವೇ ಇದಕ್ಕಿಂತ ಜಾಸ್ತಿ. ಅದೇ ಡಿಸೈನಿನ ಟೈಲ್ಸ್ ಮತ್ತೆ ಸಿಗುತ್ತದೆ ಅನ್ನುವ ಗ್ಯಾರಂಟಿಯೂ ಇಲ್ಲ, ಗುಜರಾತಿನ ಮೋರ್ಬಿಯ ಟೈಲ್ಸ್ ಕಾರ್ಖಾನೆಗಳು ಡಿಸೈನ್ ಬದಲಿಸುತ್ತಲೇ ಇರುತ್ತವೆ, ಅದೇ ಹೆಸರಿನದು ಸಿಕ್ಕರೂ ಬ್ಯಾಚ್ ಬೇರೆಯಾದರೆ ಬಣ್ಣ ಒಂಚೂರು ಬೇರೆಯೇ.

ಕೊಳ್ಳುವಾಗ ಇನ್ನೊಂದು ಕೇಳಿಕೊಳ್ಳಿ: ಒಣಗಿದ್ದಾಗ ಹೊಡೆಯುವುದೋ, ನೀರು ಹಾಕಿ ಹೊಡೆಯುವುದೋ. ಅಗ್ಗದ ಬಿಟ್‌ಗಳಲ್ಲಿ ವಜ್ರದ ಪುಡಿಯನ್ನು ತೆಳ್ಳಗಿನ ನಿಕಲ್ ಲೇಪ ಹಿಡಿದುಕೊಂಡಿರುತ್ತದೆ, ನೀರಿಲ್ಲದೆ ಓಡಿಸಿದರೆ ಪುಡಿ ಉದುರಿ ಮೊದಲ ತೂತಿಗೇ ಬಿಟ್ ಸತ್ತುಹೋಗುತ್ತದೆ. ಆಂಗಲ್ ಗ್ರೈಂಡರ್‌ಗೆ ತಿರುಗಿಸಿ ಹಾಕುವ ಜಾತಿ ಒಣಗಿದ್ದಾಗಲೂ ಓಡುತ್ತದೆ, ಕೆಲವದರೊಳಗೆ ಮೇಣ ತುಂಬಿರುತ್ತಾರೆ. ಅದು ದಿನಾ ಇದೇ ಕೆಲಸ ಮಾಡುವವರಿಗೆ. ಮನೆಯವರಿಗೆ ನೀರಿನದೇ ಒಳ್ಳೆಯದು.

ಜಾಗ ಗುರುತು ಮಾಡುವ ಮುಂಚೆ ಬೆರಳಿನ ಗೆಣ್ಣಿನಿಂದಲೋ ಒಂದು ನಾಣ್ಯದಿಂದಲೋ ಟೈಲ್ಸ್ ಮೇಲೆ ಬಡಿದು ನೋಡಿ. ಒಂದು ಕಡೆ ಗಟ್ಟಿ ಸದ್ದು ಬರುತ್ತದೆ, ಇನ್ನೊಂದು ಕಡೆ ಟೊಳ್ಳು. ನಮ್ಮಲ್ಲಿ ಎಷ್ಟೋ ಗೌಂಡಿಗಳು ಟೈಲ್ಸ್ ಹಿಂದೆ ಪೂರ್ತಿ ಸಿಮೆಂಟ್ ಬಳಿಯುವುದಿಲ್ಲ, ನಾಲ್ಕು ಮೂಲೆಗೆ ನಾಲ್ಕು ಮುದ್ದೆ, ನಡುವೆ ಒಂದು ಮುದ್ದೆ ಇಟ್ಟು ಒತ್ತಿಬಿಡುತ್ತಾರೆ. ಮುದ್ದೆ ಮುದ್ದೆಗಳ ನಡುವೆ ಬರೀ ಗಾಳಿ. ಅಲ್ಲಿ ಬಿಟ್ ಒತ್ತಿದರೆ ಹಿಂದಿನಿಂದ ಆಸರೆ ಇಲ್ಲ, ಸ್ವಲ್ಪ ಜೋರಾದರೂ ನಕ್ಷತ್ರದ ಹಾಗೆ ಬಿರುಕು ಹರಡುತ್ತದೆ. ಸಾಧ್ಯವಾದರೆ ಗಟ್ಟಿ ಸದ್ದಿನ ಜಾಗಕ್ಕೆ ಎರಡು ಬೆರಳು ಸರಿಸಿಕೊಳ್ಳಿ.

ಅಂಚಿನಿಂದ ಕನಿಷ್ಠ ಒಂದು ಇಂಚು ದೂರ ಇರಿ, ಮೂಲೆಯಿಂದ ಇನ್ನೂ ಜಾಸ್ತಿ. ಎರಡು ಟೈಲ್ಸ್ ನಡುವಿನ ಸಂದಿಯಲ್ಲಿ ಹೊಡೆದರೆ ಟೈಲ್ಸ್ ಉಳಿಯುತ್ತದೆ ಅಂತ ಸಲಹೆ ಕೊಡುವವರು ಇದ್ದಾರೆ. ಹಳೆಯ ಅಗಲ ಸಂದಿಗೆ ಸರಿ, ಈಗಿನ 2 ಎಂಎಂ ಸಂದಿಯಲ್ಲಿ 6 ಎಂಎಂ ಬಿಟ್ ಇಟ್ಟರೆ ಎರಡೂ ಕಡೆಯ ಅಂಚು ಕಿತ್ತು ಬರುತ್ತದೆ. ಇದ್ದ ಒಂದು ಟೈಲ್ಸ್ ಉಳಿಸಲು ಹೋಗಿ ಎರಡು ಕಳೆದುಕೊಂಡ ಹಾಗೆ.

ಪೈಪು, ವೈರು ಎಲ್ಲಿವೆ ಅನ್ನುವುದನ್ನೂ ನೋಡಬೇಕು. ನಲ್ಲಿಯ ನೇರಕ್ಕೆ ಮೇಲೆ ಕೆಳಗೆ ಪೈಪು ಇರುತ್ತದೆ, ಸ್ವಿಚ್ ಬೋರ್ಡಿನ ನೇರಕ್ಕೆ ವೈರು. ಟೈಲ್ಸ್ ಹಾಕುವ ಮುಂಚೆ ಗೋಡೆಯ ಫೋಟೋ ತೆಗೆದಿಟ್ಟುಕೊಂಡವರು ಜಾಣರು. ಮನೆ ಇನ್ನೂ ಕಟ್ಟಿಸುತ್ತಿರುವವರು ಇವತ್ತೇ ಹೋಗಿ ತೆಗೆಯಿರಿ, ಪಕ್ಕದಲ್ಲಿ ಟೇಪ್ ಹಿಡಿದು.

ಈಗ ಹೊಡೆಯುವ ಕೆಲಸ. ಮಷೀನಿನ ಮೇಲೆ ಒಂದು ಗುಂಡಿ ಇರುತ್ತದೆ, ಒಂದು ಕಡೆ ಸುತ್ತಿಗೆಯ ಚಿತ್ರ, ಇನ್ನೊಂದು ಕಡೆ ಬಿಟ್‌ನ ಚಿತ್ರ. ಅದನ್ನು ಬಿಟ್‌ನ ಚಿತ್ರಕ್ಕೆ ತಳ್ಳಿ. ಟೈಲ್ಸ್ ದಾಟುವ ತನಕ ಹ್ಯಾಮರ್ ಬಂದ್. ಗೀಸರ್ ಹುಡುಗನಿಗೂ ಇದೊಂದನ್ನು ಹೇಳಿ, ಬೇರೆ ಏನೂ ಹೇಳದಿದ್ದರೂ ಪರವಾಗಿಲ್ಲ.

ಡೈಮಂಡ್ ಬಿಟ್‌ಗೆ ನಡುವೆ ಮೊನೆ ಇಲ್ಲದ ಕಾರಣ ಅದು ನುಣುಪಾದ ಟೈಲ್ಸ್ ಮೇಲೆ ಓಡಾಡುತ್ತದೆ, ಓಡಾಡಿದ ಕಡೆಯೆಲ್ಲ ಗೀರು. ಮಾಸ್ಕಿಂಗ್ ಟೇಪ್ ಅಂಟಿಸಿದರೆ ಸ್ವಲ್ಪ ಹಿಡಿತ ಸಿಗುತ್ತದೆ. ಅದಕ್ಕಿಂತ ಒಳ್ಳೆಯದು ಒಂದು ಪ್ಲೈವುಡ್ ತುಂಡು. ಅದರಲ್ಲಿ ಅದೇ ಸೈಜಿನ ತೂತು ಮಾಡಿ, ಟೈಲ್ಸ್ ಮೇಲೆ ಗುರುತಿಗೆ ಸರಿಯಾಗಿ ಒಬ್ಬರು ಒತ್ತಿ ಹಿಡಿದರೆ ಬಿಟ್ ಎಲ್ಲಿಗೂ ಹೋಗದು. ಸಹಾಯಕ್ಕೆ ಯಾರೂ ಇಲ್ಲವೇ? ಮಷೀನನ್ನು ಸುಮಾರು 45 ಡಿಗ್ರಿ ವಾರೆ ಹಿಡಿದು ನಿಧಾನ ಶುರು ಮಾಡಿ. ಮೊದಲು ಅರ್ಧಚಂದ್ರದ ಹಾಗೆ ಒಂದು ಗೆರೆ ಬೀಳುತ್ತದೆ. ಬಿಟ್ ಅದರಲ್ಲಿ ಕೂತ ಮೇಲೆ, ತಿರುಗುತ್ತಿರುವಾಗಲೇ, ಮೆಲ್ಲಗೆ ನೇರ ಮಾಡಿಕೊಳ್ಳಿ. ಮೊದಲ ಸಲ ಕೈ ನಡುಗಬಹುದು. ಅದಕ್ಕೇ ಆ ಮಾಳಿಗೆ ಮೇಲಿನ ಟೈಲ್ಸ್ ತಂದು ಅದರ ಮೇಲೆ ಕೈ ಪಳಗಿಸಿಕೊಳ್ಳಿ ಅನ್ನುವುದು.

ಸ್ಪೀಡ್ ಕಡಿಮೆ ಇರಬೇಕು. ಮನೆಯ ಡ್ರಿಲ್ ಪೂರ್ತಿ ಒತ್ತಿದರೆ ಎಷ್ಟೋ ಮಷೀನುಗಳು ನಿಮಿಷಕ್ಕೆ 2500 ಸುತ್ತಿನ ಮೇಲೆ ಓಡುತ್ತವೆ, ಇಲ್ಲಿ 6-8 ಎಂಎಂ ಬಿಟ್‌ಗೆ 800-1000 ಸಾಕು, ನಲ್ಲಿ ಪೈಪಿನ ದೊಡ್ಡ ತೂತಿಗೆ ಅದರ ಅರ್ಧಕ್ಕಿಂತ ಕಡಿಮೆ. ಟ್ರಿಗರ್ ಮೇಲಿನ ಸಣ್ಣ ಚಕ್ರ ತಿರುಗಿಸಿದರೆ ಮಿತಿ ಕಟ್ಟಬಹುದು. ಮಷೀನಿನ ತೂಕದ ಮೇಲೆ ಒಂಚೂರು ಒತ್ತಡ, ಅಷ್ಟೇ. ಆಗಾಗ ಬಿಟ್ ಹೊರಗೆ ಎಳೆದು ನೀರು ಒಳಗೆ ಹೋಗಲು ಬಿಡಿ. ಬಿಳಿ ರಾಡಿ ಹೊರಗೆ ಬರುತ್ತಿದ್ದರೆ ಕೆಲಸ ಸರಿಯಾಗಿ ನಡೆಯುತ್ತಿದೆ. ರಾಡಿ ನಿಂತು ಪುಡಿ ಹಾರಿದರೆ, ಸುಟ್ಟ ವಾಸನೆ ಬಂದರೆ, ನೀರು ಸಾಲದು. ಒಂದು ತೂತಿಗೆ ಎರಡು ಮೂರು ನಿಮಿಷ ಹಿಡಿಯಬಹುದು, ಹಿಡಿಯಲಿ.

ನೀರು ಹಾಕುವುದು ಹೇಗೆ? ಗೋಡೆಗಾದರೆ ಸ್ಪ್ರೇ ಬಾಟಲಿ ಹಿಡಿದು ಇನ್ನೊಬ್ಬರು ಬಿಟ್‌ನ ಬುಡಕ್ಕೆ ಬಿಡುತ್ತಿರಲಿ, ಮಷೀನಿನ ಮೇಲೆ ಅಲ್ಲ. ವೈರಿನ ಡ್ರಿಲ್ ಮತ್ತು ನೀರು ಒಟ್ಟಿಗೆ ಅಂದರೆ ಹುಷಾರು, ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಇರುವ ಲೈನಿನಿಂದ ಮಾತ್ರ ತೆಗೆದುಕೊಳ್ಳಿ. ಬ್ಯಾಟರಿ ಡ್ರಿಲ್ ಇದ್ದರೆ ನಿಶ್ಚಿಂತೆ. ನೆಲಕ್ಕಾದರೆ ಗುರುತಿನ ಸುತ್ತ ಕಣಕದ ಕಟ್ಟೆ ಕಟ್ಟಿ ಒಳಗೆ ನೀರು ನಿಲ್ಲಿಸಿ. ಗೋಧಿ ಹಿಟ್ಟಿನ ಕಣಕವೇ ಆಗಬೇಕು, ಜೋಳದ ಹಿಟ್ಟಿಗೆ ಅಂಟಿಲ್ಲ, ಎರಡು ನಿಮಿಷದಲ್ಲಿ ಕಟ್ಟೆ ಒಡೆದು ನೀರೆಲ್ಲ ಹರಿಯುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ, ಟೈಲ್ಸ್ ಪುಡಿಯಲ್ಲಿರುವ ಸಿಲಿಕಾ ಪುಪ್ಪುಸಕ್ಕೆ ಕೆಟ್ಟದ್ದು.

ಟೈಲ್ಸ್ 8-10 ಎಂಎಂ ದಪ್ಪ ಇರುತ್ತದೆ. ಕೊನೆಯ ಒಂದೆರಡು ಎಂಎಂ ಬಂದಾಗ ಸದ್ದು ಬದಲಾಗುತ್ತದೆ. ಅಲ್ಲಿ ಕೈ ಇನ್ನೂ ಹಗುರ ಮಾಡಿ, ಎಷ್ಟೋ ಟೈಲ್ಸ್ ಸೀಳುವುದು ಅಲ್ಲೇ. ದಾಟಿದ ಮೇಲೆ ನಿಲ್ಲಿಸಿ. ಬಿಟ್ ಒಳಗೆ ಟೈಲ್ಸ್‌ನ ಸಣ್ಣ ಬಿಲ್ಲೆ ಸಿಕ್ಕಿಕೊಂಡಿರುತ್ತದೆ, ಮೊಳೆಯಿಂದ ತಳ್ಳಿ ತೆಗೆಯಿರಿ. ತೇಯುವುದು ತೀರಾ ನಿಧಾನವಾಗಿದೆ ಅನಿಸಿದರೆ ಬಿಟ್ ಎಸೆಯಬೇಡಿ, ಒಂದು ಇಟ್ಟಿಗೆಯಲ್ಲಿ ನೀರು ಹಾಕಿ ಸ್ವಲ್ಪ ಓಡಿಸಿ, ಬಾಯಿಗೆ ಮೆತ್ತಿಕೊಂಡ ರಾಡಿ ಕಳಚಿ ಮತ್ತೆ ತೇಯಬಹುದು.

ಇಲ್ಲಿಂದ ಗೋಡೆಯ ಕೆಲಸ ಶುರು. ಬಿಟ್ ಬದಲಿಸಿ, ಗೋಡೆಯ ಬಿಟ್ ಹಾಕಿ. ಇಲ್ಲೊಂದು ಸಣ್ಣ ಉಪಾಯ ಇದೆ: ಟೈಲ್ಸ್‌ನ ತೂತು ಗೋಡೆಯ ತೂತಿಗಿಂತ ಒಂದು ಸೈಜ್ ದೊಡ್ಡದಿರಲಿ. ಸ್ಕ್ರೂ ಹಿಡಿಯಲು ತೂತಿನೊಳಗೆ ತಳ್ಳುವ ಪ್ಲಾಸ್ಟಿಕ್ ಪ್ಲಗ್ 6 ಎಂಎಂ ಆದರೆ ಟೈಲ್ಸ್‌ಗೆ 8, ಗೋಡೆಗೆ 6. ಆಗ ಹ್ಯಾಮರ್ ಹಾಕಿದರೂ ಬಿಟ್ ಟೈಲ್ಸ್‌ನ ಅಂಚಿಗೆ ತಾಗುವುದಿಲ್ಲ. ಇಟ್ಟಿಗೆ ಗೋಡೆಗೆ ಹ್ಯಾಮರ್ ಬೇಕಾಗದೆಯೂ ಹೋಗಬಹುದು, ಕಾಂಕ್ರೀಟ್ ಕಂಬಕ್ಕೆ ಬೇಕೇ ಬೇಕು. ಧಾರವಾಡದ ಹಳೇ ಓಣಿಗಳ ಮಣ್ಣಿನ ಗೋಡೆಗೆ ಟೈಲ್ಸ್ ಹಾಕಿಸಿದ ಮನೆಗಳಲ್ಲಿ ಸಣ್ಣ ಪ್ಲಗ್ ನಿಲ್ಲುವುದಿಲ್ಲ, ಅಂಥ ಕಡೆ ಗೀಸರ್ ನೇತುಹಾಕುವ ಯೋಚನೆಯನ್ನೇ ಬಿಟ್ಟು ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ.

ಪ್ಲಗ್ ಒಳಗೆ ತಳ್ಳುವಾಗ ಟೈಲ್ಸ್‌ನ ದಪ್ಪ ದಾಟಿ ಪೂರ್ತಿ ಗೋಡೆಯೊಳಗೆ ಹೋಗಬೇಕು, ಸ್ಕ್ರೂ ಆ ಲೆಕ್ಕಕ್ಕೆ ಉದ್ದ ಇರಬೇಕು. ಪ್ಲಗ್ ಟೈಲ್ಸ್‌ನೊಳಗೇ ಕೂತರೆ ಸ್ಕ್ರೂ ತಿರುಗಿಸಿದಾಗ ಅದು ಹಿಗ್ಗಿ ಟೈಲ್ಸ್ ಅನ್ನೇ ಒಳಗಿನಿಂದ ಒಡೆಯುತ್ತದೆ. ತೂತು ಚೆನ್ನಾಗಿ ಬಂತು ಅಂತ ಖುಷಿಪಟ್ಟು, ಕೊನೆಗೆ ಸ್ಕ್ರೂ ಬಿಗಿಯುವಾಗ ಟಪ್ ಅಂತ ಸದ್ದು ಬರುವುದು ಇದಕ್ಕೇ. ಗೀಸರಿನ ಆಂಕರ್ ಫಾಸ್ಟನರ್‌ಗೂ, ಅಂದರೆ ಬಿಗಿದಾಗ ಗೋಡೆಯೊಳಗೆ ಹಿಗ್ಗುವ ಬೋಲ್ಟ್‌ಗೂ, ಇದೇ ನಿಯಮ. 15 ಲೀಟರ್ ಗೀಸರಿನಲ್ಲಿ ನೀರೇ 15 ಕೆಜಿ, ಡಬ್ಬದ ತೂಕ ಬೇರೆ. ಅದರ ಭಾರ ಗೋಡೆ ಹೊರಬೇಕು, ಟೈಲ್ಸ್ ಅಲ್ಲ. ಬ್ರ್ಯಾಕೆಟ್ ಹಿಂದೆ ತೆಳ್ಳಗಿನ ರಬ್ಬರ್ ವಾಷರ್ ಇಟ್ಟು, ಕೊನೆಯ ಬಿಗಿ ಮಷೀನಿನಿಂದ ಅಲ್ಲ, ಸ್ಕ್ರೂಡ್ರೈವರ್ ಇಲ್ಲವೇ ಪಾನಾ ಹಿಡಿದು ಕೈಯಿಂದಲೇ ಮಾಡಿ.

ಬಚ್ಚಲಲ್ಲಿ ಶವರಿನ ನೀರು ಸಿಡಿಯುವ ಕಡೆಯ ತೂತಾದರೆ ಪ್ಲಗ್ ಹಾಕುವ ಮುಂಚೆ ಪುಡಿ ಒರೆಸಿ, ಒಣಗಿಸಿ, ಒಳಗೆ ಸ್ವಲ್ಪ ಸಿಲಿಕೋನ್ ಬಿಡಿ. ಸ್ಕ್ರೂ ಬಿಗಿದ ಮೇಲೆ ಹೊರಗೆ ಬಂದದ್ದನ್ನು ಬಟ್ಟೆಯಿಂದ ಒರೆಸಿ, ಆ ಶವರನ್ನು 24 ಗಂಟೆ ಬಳಸಬೇಡಿ.